ಕಿಲ್ಲಾರಿ ಹೊಲದ ಆ ಬಿರುಕು: ನೆಲದೊಳಗೆ ಏನು ಜರುಗಿತು ಅಂತ ಹೇಗೆ ಕಂಡುಹಿಡಿಯುತ್ತಾರೆ?

ಆಳಂದದ ತೊಗರಿ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ತಲೆಯಲ್ಲಿ ಕೂತಿರುವ ಪ್ರಶ್ನೆ ಇದು. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

1993ರ ಸೆಪ್ಟೆಂಬರ್ 30. ನನಗಾಗ ಒಂಬತ್ತು ವರ್ಷ. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಊರೆಲ್ಲ ದಣಿದು ಮಲಗಿತ್ತು. ಬೆಳಗಿನ ಜಾವ ನಾಲ್ಕು ಹೊಡೆಯಲು ಇನ್ನೂ ನಾಲ್ಕೈದು ನಿಮಿಷ ಇತ್ತು. ಅಟ್ಟದ ಮೇಲಿನ ತಾಮ್ರದ ಕೊಡಗಳು ಒಂದಕ್ಕೊಂದು ಬಡಿದುಕೊಂಡ ಸದ್ದು ಈಗಲೂ ಕಿವಿಯಲ್ಲಿದೆ. ಅವ್ವ ನನ್ನನ್ನೂ ತಂಗಿಯನ್ನೂ ಎಳೆದುಕೊಂಡು ಅಂಗಳಕ್ಕೆ ಓಡಿದಳು. ಬೆಳಗಾದ ಮೇಲೆ ರೇಡಿಯೋದಲ್ಲಿ ಭೂಕಂಪದ ಸುದ್ದಿ ಬಂತು, ಮಹಾರಾಷ್ಟ್ರದ ಕಿಲ್ಲಾರಿ, ಸಾಸ್ತೂರು ಅನ್ನುವ ಹೆಸರು ಕೇಳಿದೆವು. ಹತ್ತು ಸಾವಿರದ ಹತ್ತಿರ ಜನ ಹೋದರು.

ನಮ್ಮ ಸೋದರಮಾವನ ಬೀಗರು ಆ ಕಡೆಯವರು. ಮಾವ ಮೂರನೇ ದಿನ ಜೋಳದ ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿದ್ದರು. ಊರಾಚೆ ಹೊಲದಲ್ಲಿ ನೆಲ ಮೊಣಕಾಲಿನವರೆಗೆ ಎದ್ದಿತ್ತಂತೆ. ಬದು ಅಲ್ಲಿಗೆ ಬಂದು ಮುರಿದು, ಆಚೆ ಕಡೆ ತಗ್ಗಿನಲ್ಲಿ ಮತ್ತೆ ಶುರುವಾಗಿತ್ತಂತೆ. ಅಲ್ಲಿ ಇಬ್ಬರು ಟೇಪು ಹಿಡಿದು ಆ ಬದುವನ್ನೇ ಅಳೆಯುತ್ತಿದ್ದರು. "ಊರೇ ಸುಡುಗಾಡಾಗಿದೆ, ಇವರು ಬದು ಅಳೀತಾ ಕೂತಿದ್ದಾರಲ್ಲ" ಅಂತ ಮಾವನಿಗೆ ತುಂಬ ಸಿಟ್ಟು ಬಂದಿತ್ತು. ಮೂವತ್ತು ವರ್ಷ ದಾಟಿದರೂ ಆ ಸಿಟ್ಟು ಪೂರ್ತಿ ಇಳಿದಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಆ ಬಿರುಕಿನಿಂದ ಭೂಕಂಪ ಆಯಿತಾ, ಭೂಕಂಪದಿಂದ ಬಿರುಕು ಬಂತಾ? ಮುರಿದ ಬದು ಅಳೆದರೆ ಕಿಲೋಮೀಟರ್‌ಗಟ್ಟಲೆ ಆಳದ ಸಂಗತಿ ಹೇಗೆ ತಿಳಿಯುತ್ತದೆ?

ಬೀದರಿನ ಇಂಜಿನಿಯರ್

ಅಣ್ಣಾ, ಓದಿ ಎದೆ ಭಾರವಾಯಿತು. ನೆಲದೊಳಗಿನ ವಿಚಾರ ಬೇರೆಯವರು ಹೇಳಲಿ, ಮನೆಗಳ ವಿಚಾರ ನಾನು ಹೇಳುತ್ತೇನೆ. ಕಿಲ್ಲಾರಿ ಭೂಕಂಪದ ತೀವ್ರತೆ 6.2. ಅಷ್ಟಕ್ಕೆ ಹತ್ತು ಸಾವಿರ ಜನ ಸಾಯುವುದು ಎಲ್ಲ ಕಡೆ ಆಗುವುದಿಲ್ಲ. ಅಲ್ಲಿ ಗೋಡೆಗಳು ಮಣ್ಣಿನಲ್ಲಿ ಕೂರಿಸಿದ ಕಲ್ಲಿನವು. ದಪ್ಪ ಗೋಡೆ. ಎರಡು ಮುಖಕ್ಕೆ ಒಳ್ಳೆ ಕಲ್ಲು, ನಡುವೆ ಸಣ್ಣ ಕಲ್ಲು, ಮಣ್ಣು ತುಂಬಿದ್ದು. ಬಿಸಿಲು ತಡೆಯಲಿ ಅಂತ ಮೇಲೆ ಭಾರದ ಮಣ್ಣಿನ ಮಾಳಿಗೆ. ನೆಲ ಅಲುಗಿದಾಗ ಗೋಡೆಯ ಎರಡು ಮುಖ ಬೇರೆಬೇರೆಯಾಗಿ ಬಿಚ್ಚಿಕೊಂಡವು, ಮಾಳಿಗೆ ಇಡಿಯಾಗಿ ಕೆಳಗೆ ಕೂತಿತು. ಮಲಗಿದ್ದವರಿಗೆ ಎದ್ದೇಳಲು ಸಮಯವೇ ಸಿಗಲಿಲ್ಲ. ಹೊಲದ ಬಿರುಕಿನಿಂದ ಸತ್ತವರು ಯಾರೂ ಇಲ್ಲ ಅಂತಲೇ ಹೇಳಬೇಕು.

ನಮ್ಮ ಬಸವಕಲ್ಯಾಣದಿಂದ ನೇರವಾಗಿ ಅಳೆದರೆ ಕಿಲ್ಲಾರಿ ಸುಮಾರು 45 ಕಿ.ಮೀ. ನಮ್ಮ ಕಡೆಯ ಹಳೆ ಮನೆಗಳೂ ಅದೇ ಜಾತಿಯವು. ಅದಕ್ಕೇ ಈ ಚರ್ಚೆ ನನಗೆ ದೂರದ್ದು ಅನ್ನಿಸುವುದಿಲ್ಲ.

ಕಲ್ಲು ಸುತ್ತಿಗೆ

ತೊಗರಿಯವರೇ, ನಾನು ಭೂವಿಜ್ಞಾನದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಿಲ್ಲಾರಿಗೆ ಹೋದವರ ಪೈಕಿ ನಾನಿರಲಿಲ್ಲ. ಆದರೆ ಇಂಥ ಬಿರುಕುಗಳ ಮುಂದೆ ಟೇಪು ಹಿಡಿದು ಕೂತಿದ್ದೇನೆ. ಅಂಥ ಕಡೆ ಸುತ್ತಲಿನವರ ಸಿಟ್ಟನ್ನೂ ಕಂಡಿದ್ದೇನೆ. ನಿಮ್ಮ ಮಾವನ ಸಿಟ್ಟು ಸಹಜವಾದದ್ದು.

ಬಿರುಕು ಮೊದಲೋ ಭೂಕಂಪ ಮೊದಲೋ ಅನ್ನುವುದು ವಿಜ್ಞಾನಿಗಳೇ ಬಹಳ ಕಾಲ ಜಗಳ ಆಡಿದ ಪ್ರಶ್ನೆ. 1891ರ ಅಕ್ಟೋಬರ್ 28ರಂದು ಜಪಾನಿನ ನೋಬಿ ಸೀಮೆಯಲ್ಲಿ ದೊಡ್ಡ ಭೂಕಂಪ ಆಯಿತು. ಮಿದೋರಿ ಅನ್ನುವ ಹಳ್ಳಿಯಲ್ಲಿ ದಾರಿ ನಡುವೆಯೇ ನೆಲ 6 ಮೀಟರ್ ಎತ್ತರದ ಮೆಟ್ಟಿಲಾಯಿತು. ಅದನ್ನು ನೋಡಲು ಹೋದ ಬುಂಜಿರೋ ಕೋಟೋ ಅನ್ನುವ ಭೂವಿಜ್ಞಾನಿ ಉಲ್ಟಾ ಯೋಚಿಸಿದರು. ನೆಲ ಅಲುಗಿ ಬಿರುಕು ಬಂದದ್ದಲ್ಲ, ಬಿರುಕಿನ ಎರಡು ಮಗ್ಗುಲು ಸರಕ್ಕನೆ ಜರುಗಿದ್ದರಿಂದಲೇ ನೆಲ ಅಲುಗಿತು ಅಂತ 1893ರಲ್ಲಿ ಬರೆದರು. ಕಿಲ್ಲಾರಿಗೆ ಸರಿಯಾಗಿ ನೂರು ವರ್ಷ ಮೊದಲು.

ಈ ಜರುಗುವ ಬಿರುಕಿಗೆ ನಾವು ಫಾಲ್ಟ್ ಅನ್ನುತ್ತೇವೆ, ಕನ್ನಡದ ಪುಸ್ತಕಗಳಲ್ಲಿ ಸ್ತರಭಂಗ. ಭಾರತದ ನೆಲ ಉತ್ತರಕ್ಕೆ ಸರಿಯುತ್ತಾ ಹಿಮಾಲಯದಲ್ಲಿ ಒತ್ತುತ್ತಿದೆ. ಆ ಒತ್ತಡ ದಖ್ಖನ್ ಬಂಡೆಯೊಳಗೂ ಇದೆ. ಹಳೆಯ ಫಾಲ್ಟಿನ ಎರಡು ಮಗ್ಗುಲು ಒಂದಕ್ಕೊಂದು ಕಚ್ಚಿಕೊಂಡು ಸಾವಿರಾರು ವರ್ಷ ತಡೆದುಕೊಂಡಿರುತ್ತವೆ. ತಾಳಲಾರದಾಗ ಒಂದು ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಆ ಜರುಗಾಟ ಬಟ್ಟೆ ಹರಿದಂತೆ ಸೆಕೆಂಡಿಗೆ ಎರಡು ಮೂರು ಕಿಲೋಮೀಟರ್ ವೇಗದಲ್ಲಿ ಹರಡುತ್ತದೆ. ಕಿಲ್ಲಾರಿಯಂಥ ಭೂಕಂಪದಲ್ಲಿ ಇಡೀ ಕೆಲಸ ಕೆಲವೇ ಸೆಕೆಂಡಿನಲ್ಲಿ ಮುಗಿದಿರುತ್ತದೆ. ಜನರಿಗೆ ತಟ್ಟುವುದು ಆಮೇಲೆ ಬರುವ ಅಲೆಗಳು.

ನಿಮ್ಮ ಮಾವ ಕಂಡದ್ದು ಆ ಹರಿದ ಜಾಗದ ಅಂಚನ್ನು ಮಾತ್ರ. ಬಾಗಿಲು ಹಾಕಿದಾಗ ಸೆರಗಿನ ತುದಿ ಸಿಕ್ಕಿ ಹೊರಗೆ ಕಂಡಂತೆ. ಸೀರೆ ಇರುವುದು ಒಳಗೆ.

ಇನ್ನು ಬದು. ನೆಲ ಎಷ್ಟು ಜರುಗಿತು ಅಂತ ತಿಳಿಯಲು ಮೊದಲು ನೆಟ್ಟಗಿದ್ದ ಏನಾದರೂ ಒಂದು ಬೇಕು. ಬೇಲಿ, ಕಾಲುವೆ, ರೈಲು ಹಳಿ, ಸಾಲು ಮರ, ಹೊಲದ ಬದು. ಇವೆಲ್ಲ ನಮಗೆ ಅಳತೆಗೋಲು. ಬದುವಿನ ಎರಡು ತುಂಡು ಎಷ್ಟು ಮೇಲೆ ಕೆಳಗೆ ಆಗಿವೆ, ಎಷ್ಟು ಪಕ್ಕಕ್ಕೆ ಸರಿದಿವೆ, ಯಾವ ಕಡೆ ಏರಿದೆ, ಇಷ್ಟು ಸಿಕ್ಕರೆ ಫಾಲ್ಟಿನ ಸ್ವಭಾವವೇ ಗೊತ್ತಾಗುತ್ತದೆ. ಕಿಲ್ಲಾರಿಯ ಪಶ್ಚಿಮಕ್ಕಿರುವ ಹೊಲಗಳಲ್ಲಿ ದಕ್ಷಿಣದ ಕಡೆಯ ನೆಲ ಉತ್ತರದ ಕಡೆಯ ನೆಲದ ಮೇಲೆ ಏರಿ ಬಂದಿತ್ತು. ಅಂದರೆ ಎರಡು ಕಡೆಯಿಂದ ಒತ್ತಿ ಆದ ಜರುಗಾಟ. ಎತ್ತರ ಒಂದು ಮೀಟರ್‌ಗಿಂತ ಕಡಿಮೆ, ಅದೂ ತುಂಡು ತುಂಡಾಗಿ ಕಾಣುತ್ತಿತ್ತು. ಅಷ್ಟು ಸಣ್ಣ ಗುರುತು ಎಷ್ಟು ದಿನ ಉಳಿದೀತು? ಒಂದು ಮಳೆ ಬಂದರೆ ಅಂಚು ಕರಗುತ್ತದೆ. ಮುಂದಿನ ಬಿತ್ತನೆಗೆ ಕುಂಟೆ ಹೊಡೆದರೆ ಮುಗಿಯಿತು. ಆ ಇಬ್ಬರು ಮೂರನೇ ದಿನವೇ ಟೇಪು ಹಿಡಿದದ್ದು ಅದಕ್ಕೆ.

ಎಂಎಸ್ಸಿ ಎರಡನೇ ವರ್ಷ

ಸರ್, ಒಂದು ಅನುಮಾನ. ಭೂಕಂಪಮಾಪಕದ ದಾಖಲೆಯಿಂದಲೇ ಫಾಲ್ಟ್ ಯಾವ ದಿಕ್ಕಿಗಿದೆ, ಹೇಗೆ ಜರುಗಿತು ಅಂತ ಲೆಕ್ಕ ಹಾಕಬಹುದಲ್ವಾ? ಮತ್ತೆ ಹೊಲಕ್ಕೆ ಯಾಕೆ ಹೋಗಬೇಕು?

ಕಲ್ಲು ಸುತ್ತಿಗೆ

ಒಳ್ಳೆ ಪ್ರಶ್ನೆ ಕಣಪ್ಪ. ಬೇರೆಯವರಿಗೂ ತಿಳಿಯಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಫಾಲ್ಟ್ ಜರುಗಿದಾಗ ಕೆಲವು ದಿಕ್ಕಿನ ನೆಲಕ್ಕೆ ಮೊದಲು ತಳ್ಳು ಸಿಗುತ್ತದೆ, ಕೆಲವು ದಿಕ್ಕಿಗೆ ಮೊದಲು ಎಳೆತ. ತಳ್ಳು ಸಿಕ್ಕ ಕಡೆಯ ಮಾಪಕದಲ್ಲಿ ಮೊದಲ ಗೆರೆ ಮೇಲಕ್ಕೆ ಹೋಗುತ್ತದೆ, ಎಳೆತ ಸಿಕ್ಕ ಕಡೆ ಕೆಳಕ್ಕೆ. ಲೋಕದ ಬೇರೆಬೇರೆ ಕಡೆಯ ಮಾಪಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಾಲ್ಕು ಭಾಗ ಸಿಗುತ್ತವೆ: ಎರಡು ತಳ್ಳು, ಎರಡು ಎಳೆತ. ಈ ಭಾಗಗಳನ್ನು ಬೇರೆ ಮಾಡುವ ಗಡಿ ಎರಡು. ಅವುಗಳಲ್ಲಿ ಒಂದು ನಿಜವಾದ ಫಾಲ್ಟ್, ಇನ್ನೊಂದು ಬರೀ ಲೆಕ್ಕದ್ದು. ಯಾವುದು ಯಾವುದು ಅಂತ ಆ ಗೆರೆಗಳು ಮಾತ್ರ ನೋಡಿ ಹೇಳಲಾಗದು. ಹೊಲದ ಗುರುತು, ಇಲ್ಲವೇ ಆಮೇಲಿನ ಸಣ್ಣ ನಡುಕಗಳು ನೆಲದೊಳಗೆ ಯಾವ ಹಲಗೆಯ, ಅಂದರೆ ಫಾಲ್ಟಿನ ಚಪ್ಪಟೆ ಮುಖದ, ಮೇಲೆ ಸಾಲಾಗಿ ಕೂತಿವೆ ಅನ್ನುವುದು ಆ ತೀರ್ಮಾನ ಕೊಡುತ್ತದೆ. ಕಿಲ್ಲಾರಿಯಲ್ಲಿ ಫಾಲ್ಟ್ ನೈರುತ್ಯಕ್ಕೆ ಇಳಿಯುತ್ತದೆ ಅಂತ ಹೇಳಲು ಆ ಸಣ್ಣ ಗುರುತು ಬಹಳ ನೆರವಾಯಿತು.

ಹೊಲದ ಅಳತೆ ಲೆಕ್ಕಕ್ಕೂ ಬೇಕು. ಜರುಗಿದ ಹಲಗೆಯ ಉದ್ದ, ಅಗಲ, ಎಷ್ಟು ಜರುಗಿತು, ಬಂಡೆ ಎಷ್ಟು ಗಟ್ಟಿ, ಈ ನಾಲ್ಕನ್ನು ಗುಣಿಸಿದರೆ ಭೂಕಂಪದ ಗಾತ್ರ ಸಿಗುತ್ತದೆ. ಹತ್ತು ಕಿಲೋಮೀಟರ್ ಉದ್ದ, ಹತ್ತು ಕಿಲೋಮೀಟರ್ ಅಗಲದ ಹಲಗೆ ಒಂದು ಮೀಟರ್ ಜರುಗಿತು ಅಂತ ಇಟ್ಟುಕೊಂಡು ಲೆಕ್ಕ ಹಾಕು. ತೀವ್ರತೆ 6.2ರ ಆಸುಪಾಸಿಗೆ ಬರುತ್ತದೆ. ಎಲ್ಲೋ ದೂರದ ಮಾಪಕ ಹೇಳಿದ್ದೂ, ಆ ಬದು ಹೇಳಿದ್ದೂ ಹತ್ತಿರ ಹತ್ತಿರ ಬಂದಾಗ ಆಗುವ ಸಂತೋಷ ನನಗಂತೂ ಹೇಳಲು ಬಾರದು.

ವಿಜಯಪುರ ಎರೆಹೊಲ

ನಮಸ್ಕಾರ ಸರ್. ನಾನು ರೈತ. ನಮ್ಮ ಎರೆ ನೆಲ ಪ್ರತಿ ಬೇಸಿಗೆಗೂ ಬಿರಿಯುತ್ತದೆ. ತೋಳು ಇಳಿಬಿಟ್ಟರೆ ಬುಡ ಸಿಗುವುದಿಲ್ಲ. ಕುರಿಮರಿ ಕಾಲು ಸಿಕ್ಕಿ ಮುರಿದುಕೊಂಡದ್ದೂ ಇದೆ. ಇಂಥ ನೆಲದಲ್ಲಿ ಇದು ಭೂಕಂಪದ ಬಿರುಕು, ಇದು ಬಿಸಿಲಿನ ಬಿರುಕು ಅಂತ ಹೇಗೆ ಬೇರೆ ಮಾಡುತ್ತೀರಿ?

ಕಲ್ಲು ಸುತ್ತಿಗೆ

ಯಜಮಾನರೇ, ಕಾಲೇಜಿನಲ್ಲಿ ಕಲಿತವರು ಎಡವುವ ಜಾಗವನ್ನೇ ಹಿಡಿದಿದ್ದೀರಿ.

ಬಿಸಿಲಿನ ಬಿರುಕು ಆಮೆ ಬೆನ್ನಿನ ಹಾಗೆ ನಾಲ್ಕೂ ಕಡೆ ಕವಲೊಡೆಯುತ್ತದೆ. ಮಳೆ ಬಿದ್ದರೆ ಮುಚ್ಚಿಕೊಳ್ಳುತ್ತದೆ. ಅದರ ಎರಡು ದಂಡೆ ಒಂದೇ ಮಟ್ಟದಲ್ಲಿರುತ್ತವೆ. ಕಿಲ್ಲಾರಿಯದು ಸೆಪ್ಟೆಂಬರ್ ಕೊನೆ, ಮಳೆಗಾಲ. ಆಗ ಎರೆ ನೆಲ ನೀರು ಕುಡಿದು ಉಬ್ಬಿರುತ್ತದೆ. ಆ ಹೊತ್ತಿನಲ್ಲಿ ಒಂದು ದಂಡೆ ಮೇಲೆದ್ದ ಬಿರುಕು ಕಂಡರೆ ಅದು ಬಿಸಿಲಿನದಲ್ಲ.

ಇನ್ನೊಂದು ಮೋಸ ಇದೆ. ಎರೆ ಮಣ್ಣನ್ನು ಆಳವಾಗಿ ಅಗೆದಾಗ ಎಣ್ಣೆ ಹಚ್ಚಿ ಉಜ್ಜಿದ ಹಾಗೆ ಹೊಳೆಯುವ ಮುಖಗಳು ಸಿಗುತ್ತವೆ, ನೀವೂ ನೋಡಿರುತ್ತೀರಿ. ಮಣ್ಣು ಉಬ್ಬಿ ಕುಗ್ಗಿ ತನಗೆ ತಾನೇ ಉಜ್ಜಿಕೊಂಡು ಹಾಗಾಗುತ್ತದೆ. ಫಾಲ್ಟ್ ಜರುಗಿದ ಕಲ್ಲಿನ ಮುಖವೂ ಹಾಗೇ ಹೊಳೆಯುತ್ತದೆ, ಗೀರು ಬಿದ್ದಿರುತ್ತದೆ. ಮಣ್ಣಿನ ಹೊಳಪನ್ನು ನಂಬಿ ಫಾಲ್ಟ್ ಅಂದುಬಿಟ್ಟರೆ ತಪ್ಪಾಗುತ್ತದೆ. ಅದಕ್ಕೆ ಎರೆ ಮಣ್ಣು ದಾಟಿ ಕೆಳಗಿನ ಕಪ್ಪು ಕಲ್ಲಿನವರೆಗೆ ಹೋಗಬೇಕು. ಕಲ್ಲಿನಲ್ಲೂ ಅದೇ ಗೆರೆ ಮುಂದುವರಿದಿದ್ದರೆ ಆಗ ನಂಬಬಹುದು.

ಗುಡ್ಡಗಾಡಿನಲ್ಲಿ ಇದು ಇನ್ನೂ ಕಷ್ಟ. 2023ರ ಫೆಬ್ರವರಿ 6ರ ಟರ್ಕಿ ಭೂಕಂಪ ನೆನಪಿದೆಯಲ್ಲ? ತೆಪೆಹಾನ್ ಅನ್ನುವ ಕಡೆ ಆಲಿವ್ ತೋಪು ಎರಡಾಗಿ ಸೀಳಿ ಸುಮಾರು 30 ಮೀಟರ್ ಆಳದ ಕಣಿವೆ ಬಿದ್ದ ಚಿತ್ರ ಎಲ್ಲರ ಫೋನಿಗೂ ಬಂದಿತ್ತು. "ಇದೇ ಫಾಲ್ಟ್" ಅಂತ ಬರೆದು ಹಂಚಿದರು. ಅದು ಫಾಲ್ಟ್ ಅಲ್ಲ. ಅಲುಗಾಟಕ್ಕೆ ಇಳಿಜಾರು ನೆಲ ಜಾರಿ ಹೋದದ್ದು. ನಿಜವಾದ ಫಾಲ್ಟ್ ಗೆರೆ 300 ಕಿ.ಮೀ.ಗೂ ಉದ್ದವಿತ್ತು. ಅದು ಬೆಟ್ಟ, ಬಯಲು, ರಸ್ತೆ, ರೈಲು ಹಳಿ ಯಾವುದನ್ನೂ ಲೆಕ್ಕಿಸದೆ ಸಾಗಿತ್ತು. ಜಾರಿದ ನೆಲ ಇಳಿಜಾರಿನ ಮಾತು ಕೇಳುತ್ತದೆ. ಫಾಲ್ಟ್ ಕೇಳುವುದಿಲ್ಲ. ನಾನು ಹೊಲದಲ್ಲಿ ಮೊದಲು ನೋಡುವುದು ಇದನ್ನೇ.

ಗಿಫು ಕನ್ನಡತಿ

ಮಿದೋರಿ ಹೆಸರು ನೋಡಿ ಸುಮ್ನಿರಲು ಆಗಲಿಲ್ಲ! ನಾವಿರುವುದು ಗಿಫುವಿನಲ್ಲೇ. ಹೋದ ವರ್ಷ ಊರಿಂದ ಅಪ್ಪ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಆ 6 ಮೀಟರ್ ಮೆಟ್ಟಿಲನ್ನು ಜಪಾನಿನವರು ಹಾಗೇ ಉಳಿಸಿಕೊಂಡಿದ್ದಾರೆ. ಅದಕ್ಕೆ ಅಡ್ಡಲಾಗಿ ದೊಡ್ಡ ಗುಂಡಿ ತೋಡಿ, ಮೇಲೆ ಮಾಡು ಹಾಕಿ, ಮೆಟ್ಟಿಲಿಳಿದು ನೋಡುವ ಹಾಗೆ ಮಾಡಿದ್ದಾರೆ. ಒಂದು ಕಡೆ ಕಲ್ಲು, ಇನ್ನೊಂದು ಕಡೆ ನದಿ ತಂದು ಹಾಕಿದ ಗುಂಡುಕಲ್ಲು, ಮರಳು. ನಡುವೆ ನೇರ ಗೆರೆ. ಚಾಕುವಿನಲ್ಲಿ ಕತ್ತರಿಸಿದ ಹಾಗೆ.

ಅಪ್ಪ ಬಾವಿ ತೋಡಿಸಿದ ಅನುಭವದವರು. ಆ ಗೋಡೆ ಮುಂದೆ ಬಹಳ ಹೊತ್ತು ನಿಂತಿದ್ದರು. "ಇಲ್ಲಿ ಪದರ ಪದರ ಸೇರುತ್ತಿಲ್ಲ ನೋಡು" ಅಂತ ಬೆರಳಿಟ್ಟು ತೋರಿಸಿದರು. ಅವರಿಗೆ ಜಪಾನಿ ಬೋರ್ಡು ಓದಲು ಬರುವುದಿಲ್ಲ, ಗೋಡೆ ಓದಲು ಬಂತು.

ಹಳ್ಳಿ ಶಾಲೆ ಮೇಷ್ಟ್ರು, ಸೇಡಂ

ಅಕ್ಕ, ಬಹಳ ಚೆನ್ನಾಗಿ ಬರೆದಿದ್ದೀರಿ. ಸುತ್ತಿಗೆ ಸರ್, ಆ ಗುಂಡಿಯ ವಿಚಾರ ಇನ್ನಷ್ಟು ಹೇಳಿ. ಸಾವಿರ ವರ್ಷ ಹಿಂದೆ ಭೂಕಂಪ ಆಗಿತ್ತು ಅಂತ ಪತ್ರಿಕೆಯಲ್ಲಿ ಓದುತ್ತೇವೆ. ಮಾಪಕ ಇಲ್ಲದ ಕಾಲದ್ದು ಹೇಗೆ ಗೊತ್ತಾಗುತ್ತದೆ? ಮಕ್ಕಳು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಕಲ್ಲು ಸುತ್ತಿಗೆ

ಮೇಷ್ಟ್ರೇ, ನನಗೆ ತುಂಬ ಇಷ್ಟದ ಕೆಲಸದ ಬಗ್ಗೆ ಕೇಳಿದಿರಿ. ಸ್ವಲ್ಪ ಉದ್ದವಾಗಬಹುದು.

ಮೊದಲು ಫಾಲ್ಟ್ ಗೆರೆ ಎಲ್ಲಿ ಹಾದಿದೆ ಅಂತ ಖಚಿತ ಮಾಡಿಕೊಳ್ಳುತ್ತೇವೆ. ಆಮೇಲೆ ಹೊಲದವರನ್ನು ಕೇಳಿ, ಅವರು ಒಪ್ಪಿದರೆ, ಗೆರೆಗೆ ಅಡ್ಡಲಾಗಿ ಟ್ರೆಂಚ್ ತೋಡುತ್ತೇವೆ. ಜೆಸಿಬಿ ಸಿಕ್ಕರೆ ಜೆಸಿಬಿ, ಇಲ್ಲದಿದ್ದರೆ ಗುದ್ದಲಿ. ಎರಡು ಮೂರು ಆಳು ಆಳ ಇರುತ್ತದೆ. ಗೋಡೆ ಕುಸಿದು ಮೇಲೆ ಬೀಳದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ತೋಡಬೇಕು, ಇಲ್ಲವೇ ಆಸರೆ ಕೊಡಬೇಕು.

ಯಂತ್ರ ಉಜ್ಜಿದ ಗೋಡೆಯಲ್ಲಿ ಏನೂ ಕಾಣುವುದಿಲ್ಲ. ಎಲ್ಲ ಮೆತ್ತಿಕೊಂಡಿರುತ್ತದೆ. ಗಾರೆಯವರ ಕರಣೆ, ಕಳೆ ತೆಗೆಯುವ ಕುರ್ಪಿ ಹಿಡಿದು ಅಂಗುಲ ಅಂಗುಲ ಕೆರೆಯಬೇಕು. ಆಮೇಲೆ ಮೊಳೆ ಹೊಡೆದು ದಾರ ಕಟ್ಟಿ ಗೋಡೆಯನ್ನೆಲ್ಲ ಚೌಕ ಮಾಡುತ್ತೇವೆ. ಪ್ರತಿ ಪದರದ ಅಂಚಿಗೆ ಬಣ್ಣದ ಗುಂಡುಸೂಜಿ. ಒಂದೊಂದು ಚೌಕವನ್ನೂ ಕಾಗದದ ಮೇಲೆ ಬಿಡಿಸುತ್ತೇವೆ. ಈಗ ಫೋಟೋ ಇದೆ. ಆದರೂ ಕೈಯಲ್ಲಿ ಬಿಡಿಸಿದಾಗ ಕಣ್ಣಿಗೆ ಬೀಳುವುದು ಫೋಟೋದಲ್ಲಿ ಎಷ್ಟೋ ಸಲ ತಪ್ಪಿಹೋಗುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಗೆರೆ ಕಾಣುತ್ತದೆ. ಮಧ್ಯಾಹ್ನ ಅದೇ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕಾಲದ ವಿಷಯ ಹೀಗೆ. ಕೆಳಗಿನ ಪದರಗಳು ತುಂಡಾಗಿವೆ. ಮೇಲಿನ ಒಂದು ಪದರ ಮಾತ್ರ ತುಂಡಾಗದೆ ಆ ಗೆರೆಯ ಮೇಲೆ ಹಾಸಿಕೊಂಡಿದೆ. ಹಾಗಾದರೆ ಭೂಕಂಪ ಆದದ್ದು ಕೆಳಗಿನ ಪದರ ಬಿದ್ದ ಮೇಲೆ, ಮೇಲಿನ ಪದರ ಬೀಳುವ ಮೊದಲು. ಎರಡೂ ಪದರಗಳ ವಯಸ್ಸು ಸಿಕ್ಕರೆ ಭೂಕಂಪದ ಕಾಲ ಆ ಎರಡರ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಮಣ್ಣಿನಲ್ಲಿ ಇದ್ದಿಲ ಚೂರು ಇದ್ದರೆ ಇಂಗಾಲದಿಂದ ವಯಸ್ಸು ತೆಗೆಯಬಹುದು. 50 ಸಾವಿರ ವರ್ಷಗಳವರೆಗೆ ಅದು ನಡೆಯುತ್ತದೆ. ಇದ್ದಿಲು ಸಿಗದಿದ್ದರೆ ಮರಳು. ಮರಳಿನ ಕಣ ಬಿಸಿಲು ಕಾಣದೆ ಹೂತಿದ್ದಷ್ಟು ಕಾಲವೂ ಸುತ್ತಲಿನ ವಿಕಿರಣದಿಂದ ಶಕ್ತಿ ಕೂಡಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಬೆಳಕು ಬಿಟ್ಟರೆ ಅದನ್ನು ಬೆಳಕಾಗಿಯೇ ಹೊರಗೆ ಬಿಡುತ್ತದೆ. ಎಷ್ಟು ಬಿಟ್ಟಿತು ಅನ್ನುವುದರಿಂದ ಎಷ್ಟು ಕಾಲ ಕತ್ತಲಲ್ಲಿತ್ತು ಅಂತ ಲೆಕ್ಕ. ಅದಕ್ಕೇ ಆ ಮರಳನ್ನು ಲೋಹದ ಕೊಳವೆ ಹೊಡೆದು, ಬಿಸಿಲು ತಾಕದ ಹಾಗೆ ಕಪ್ಪು ಬಟ್ಟೆ ಸುತ್ತಿ ತೆಗೆಯುತ್ತೇವೆ.

ಕಿಲ್ಲಾರಿಯಲ್ಲೂ ಹೀಗೆ ತೋಡಿದರು. ಸಿ.ಪಿ. ರಾಜೇಂದ್ರನ್, ಕುಸಲಾ ರಾಜೇಂದ್ರನ್ ದಂಪತಿ ಅಲ್ಲಿ ಮಾಡಿದ ಕೆಲಸ ನಮ್ಮ ದೇಶದಲ್ಲಿ ಈ ವಿದ್ಯೆಗೆ ದೊಡ್ಡ ಹೆಜ್ಜೆ. ಇಬ್ಬರೂ ಆಮೇಲೆ ಬೆಂಗಳೂರಿನಲ್ಲೇ ಕೆಲಸ ಮಾಡಿದವರು. ಕುಸಲಾ ಮೇಡಂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. 1993ರ ಜರುಗಾಟ ಹೊಸ ಬಿರುಕಿನಲ್ಲಿ ಆದದ್ದಲ್ಲ, ಆ ಫಾಲ್ಟ್ ಹಿಂದೆಯೂ ಜರುಗಿತ್ತು ಅನ್ನುವ ಗುರುತು ಅವರಿಗೆ ಟ್ರೆಂಚಿನಲ್ಲಿ ಸಿಕ್ಕಿತು. ಅಲ್ಲಿಗೇ ನಿಲ್ಲಲಿಲ್ಲ. ತೇರ್ ಅನ್ನುವ ಪುರಾತನ ಊರಿನ ದಿಬ್ಬದಲ್ಲಿ ಹಳೆ ಇಟ್ಟಿಗೆ ಸಾಲುಗಳು ಡೊಂಕಾಗಿದ್ದನ್ನು ನೋಡಿ, ಆ ಸೀಮೆಯಲ್ಲಿ ಸುಮಾರು 1500 ವರ್ಷ ಹಿಂದೆಯೂ ಭೂಕಂಪ ಆಗಿರಬೇಕು ಅಂತ ಬರೆದರು. ಬದು, ಬೇಲಿ, ಇಟ್ಟಿಗೆ ಸಾಲು, ಎಲ್ಲ ಒಂದೇ. ಮನುಷ್ಯ ನೆಟ್ಟಗೆ ಕಟ್ಟಿದ್ದು ಸೊಟ್ಟಗಾದಾಗ ನಮಗೆ ಓದಲು ಸಿಗುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕಿಲ್ಲಾರಿಯಲ್ಲಿ 617 ಮೀಟರ್ ಆಳದ ಕೊಳವೆಯನ್ನೂ ಇಳಿಸಿದರು. ಲಾವಾ ಹರಿದು ಆದ ಕಪ್ಪು ಕಲ್ಲು 338 ಮೀಟರ್‌ವರೆಗೆ ಸಿಕ್ಕಿತು. ಅದರ ಕೆಳಗೆ ತೆಳು ಮಣ್ಣಿನ ಪದರ, ಆಮೇಲೆ ಬಹಳ ಹಳೆಯ ಬಂಡೆ. ನಮ್ಮ ಕಾಲ ಕೆಳಗಿನ ನೆಲವನ್ನು ಹೀಗೆ ತೂತು ಹೊಡೆದು ಕಣ್ಣಾರೆ ನೋಡಿದವರಿದ್ದಾರೆ ಅನ್ನುವುದನ್ನು ಮಕ್ಕಳಿಗೆ ಹೇಳಿ.

ದಾವಣಗೆರೆ ಸೀಮೆ

ಎಲ್ಲ ಸರಿ ಸರ್. ಆದರೆ ಈಗ ಉಪಗ್ರಹ, ಜಿಪಿಎಸ್ ಎಲ್ಲ ಇದೆಯಲ್ಲ. ಇನ್ನೂ ಕುರ್ಪಿ ಹಿಡಿದು ಕೆರೆಯುವುದು ಬೇಕಾ? ಅದೇ ದುಡ್ಡಿಗೆ ಜಾಸ್ತಿ ಮಾಪಕ ಹಾಕಬಹುದು.

ಎಂಎಸ್ಸಿ ಎರಡನೇ ವರ್ಷ

ಅಣ್ಣಾ, ಉಪಗ್ರಹದ ಕೆಲಸ ನಿಜಕ್ಕೂ ದೊಡ್ಡದು. 1992ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್‌ನಲ್ಲಿ ಭೂಕಂಪ ಆಯಿತು. ಅದಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ತೆಗೆದ ರೇಡಾರ್ ಚಿತ್ರ ಹೊಂದಿಸಿ ನೋಡಿದಾಗ ನೆಲ ಎಲ್ಲೆಲ್ಲಿ ಎಷ್ಟು ಸರಿದಿದೆ ಅಂತ ಬಣ್ಣದ ಪಟ್ಟೆಗಳಲ್ಲಿ ಕಂಡಿತು. ಸೆಂಟಿಮೀಟರ್ ಲೆಕ್ಕದಲ್ಲಿ! ಈಗ ಇದು ದೊಡ್ಡ ಭೂಕಂಪಗಳಿಗೆಲ್ಲ ಮಾಡುವ ಕೆಲಸವಾಗಿದೆ.

ಇನ್ನೊಂದು ಹೇಳಲೇಬೇಕು. 2025ರ ಮಾರ್ಚ್ 28ರ ಮ್ಯಾನ್ಮಾರ್ ಭೂಕಂಪ, ತೀವ್ರತೆ 7.7. ಸಗಾಯಿಂಗ್ ಫಾಲ್ಟ್ ಜರುಗಿದ ಕ್ಷಣ ಒಂದು ಸೋಲಾರ್ ಘಟಕದ ಸಿಸಿಟಿವಿಯಲ್ಲಿ ಸಿಕ್ಕಿದೆ. ಗೇಟು ಅಲುಗುತ್ತದೆ, ತಕ್ಷಣ ಚಿತ್ರದ ಆಚೆ ಅರ್ಧ ನೆಲವೇ ಪಕ್ಕಕ್ಕೆ ಸರಿದುಬಿಡುತ್ತದೆ. ಕ್ಯೋಟೋ ವಿಶ್ವವಿದ್ಯಾಲಯದವರು ಆ ಚಿತ್ರವನ್ನು ಒಂದೊಂದೇ ಚೌಕಟ್ಟಾಗಿ ಅಳೆದರು. 1.3 ಸೆಕೆಂಡಿನಲ್ಲಿ 2.5 ಮೀಟರ್. ಸರಿದ ದಾರಿಯೂ ನೆಟ್ಟಗಿರಲಿಲ್ಲ, ಸ್ವಲ್ಪ ಬಾಗಿತ್ತು. ಫಾಲ್ಟಿನ ಮುಖದ ಮೇಲೆ ಬಾಗಿದ ಗೀರುಗಳನ್ನು ಭೂವಿಜ್ಞಾನಿಗಳು ಮೊದಲೇ ನೋಡಿದ್ದರು. ಆ ಬಾಗು ಯಾಕೆ ಅನ್ನುವುದಕ್ಕೆ ಈ ಚಿತ್ರ ಕಣ್ಣೆದುರಿನ ಸಾಕ್ಷಿ ಆಯಿತು. ನಾನು ಆ ವಿಡಿಯೋ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಕಲ್ಲು ಸುತ್ತಿಗೆ

ಆ ವಿಡಿಯೋ ನೋಡಿ ನನಗೆ ಕಣ್ಣು ತುಂಬಿತ್ತು. ಜೀವನವಿಡೀ ಜರುಗಿ ಮುಗಿದದ್ದನ್ನೇ ನೋಡಿದವರು ನಾವು. ಜರುಗುವುದನ್ನು ನೋಡಿರಲಿಲ್ಲ.

ದಾವಣಗೆರೆಯವರೇ, ಮಾಪಕ ಜಾಸ್ತಿ ಬೇಕು, ಒಪ್ಪುತ್ತೇನೆ. ಆದರೆ ಲೋಕದಲ್ಲಿ ಮಾಪಕ ಬಂದು ನೂರು ಚಿಲ್ಲರೆ ವರ್ಷ. ರೇಡಾರ್ ಚಿತ್ರ ಬಂದು ಮೂವತ್ತು ಚಿಲ್ಲರೆ. ದಖ್ಖನ್ ನೆಲದ ಫಾಲ್ಟ್ ಒಂದು ಸಲ ಜರುಗಿದರೆ ಮತ್ತೆ ಸಾವಿರಾರು ವರ್ಷ ಮಲಗಬಹುದು. 1993ಕ್ಕೆ ಮೊದಲು ಭೂಕಂಪದ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಕಡಿಮೆ ಅಪಾಯದ ಮೊದಲನೇ ವಲಯದಲ್ಲಿ. ಮಾಪಕದ ನೆನಪಿನಲ್ಲಿ ಏನೂ ಇರಲಿಲ್ಲ, ಹಾಗಾಗಿ ಅಪಾಯ ಇಲ್ಲ ಅಂದುಕೊಂಡೆವು. 2002ರಲ್ಲಿ ಆ ಮೊದಲನೇ ವಲಯವನ್ನೇ ತೆಗೆದುಹಾಕಿದರು. ಕಿಲ್ಲಾರಿ ಮೂರನೇ ವಲಯಕ್ಕೆ ಬಂತು. ನಮ್ಮಂಥ ನೆಲದಲ್ಲಿ ಅಷ್ಟು ಹಿಂದಿನ ನೆನಪು ಮಣ್ಣಿನ ಪದರದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಕುರ್ಪಿ ಬೇಕೇಬೇಕು.

ಎಲ್ಲ ಫಾಲ್ಟೂ ಮೇಲೆ ಬರುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 2001ರ ಜನವರಿ 26ರ ಭುಜ್ ಭೂಕಂಪ ಕಿಲ್ಲಾರಿಗಿಂತ ನೂರು ಪಟ್ಟಿಗೂ ಹೆಚ್ಚು ಶಕ್ತಿಯದು. ಆದರೂ ಅದರ ಮುಖ್ಯ ಜರುಗಾಟ ನೆಲದ ಮೇಲಕ್ಕೆ ಬರಲೇ ಇಲ್ಲ. ಕಛ್‌ನಲ್ಲಿ ಸಿಕ್ಕಿದ್ದು ಅಲುಗಾಟಕ್ಕೆ ಬಿದ್ದ ಬಿರುಕು, ನೆಲದಿಂದ ಚಿಮ್ಮಿದ ನೀರು, ಮರಳು. ಒಳಗಿನ ಹಲಗೆ ಎಲ್ಲಿದೆ ಅಂತ ಆಮೇಲಿನ ಸಣ್ಣ ನಡುಕಗಳಿಂದ ಗುರುತಿಸಬೇಕಾಯಿತು. ಅದೇ ಕಛ್‌ನಲ್ಲಿ 1819ರ ಜೂನ್ 16ರಂದು ಆದ ಭೂಕಂಪದಲ್ಲಿ ರಣ್ ಬಯಲಿನ ನಡುವೆ 80 ಕಿ.ಮೀ.ಗೂ ಉದ್ದದ ಒಡ್ಡು ಎದ್ದಿತು. ಸಿಂಧ್ರಿ ಕೋಟೆಯ ಸುತ್ತಲಿನ ನೆಲ ಕುಸಿದು ನೀರು ತುಂಬಿತು. ಮನುಷ್ಯರು ಕಟ್ಟಿದ ಒಡ್ಡುಗಳಿಂದ ಬೇರೆ ಅಂತ ತಿಳಿಯಲಿ ಎಂದು ಜನ ಅದಕ್ಕೆ ಅಲ್ಲಾಹ್ ಬಂದ್ ಅಂತ ಹೆಸರಿಟ್ಟರು. ಅದು ಈಗಲೂ ಇದೆ.

ಗಿಫು ಕನ್ನಡತಿ

ಜಪಾನಿನ ಇನ್ನೊಂದು ಸಂಗತಿ ಸೇರಿಸುತ್ತೇನೆ. 2011ರ ತೋಹೊಕು ಭೂಕಂಪದ ಫಾಲ್ಟನ್ನು ಮುಟ್ಟಲು ಚಿಕ್ಯು ಅನ್ನುವ ಹಡಗಿನಿಂದ ಮರುವರ್ಷವೇ ಕೊರೆದರು. ಅಲ್ಲಿ ನೀರೇ ಸುಮಾರು 7 ಕಿ.ಮೀ. ಆಳ. ಅದರ ಕೆಳಗೆ 800 ಮೀಟರ್‌ಗೂ ಜಾಸ್ತಿ. ತೂತಿನಲ್ಲಿ ತಾಪಮಾಪಕಗಳ ಸರ ಇಳಿಸಿ ತಿಂಗಳುಗಟ್ಟಲೆ ಬಿಟ್ಟು, 2013ರಲ್ಲಿ ಎತ್ತಿಕೊಂಡರು. ಎರಡು ಕೈ ಉಜ್ಜಿದರೆ ಬಿಸಿಯಾಗುತ್ತದಲ್ಲ, ಆ ಬಿಸಿಯನ್ನು ಅಳೆಯಲು. ಸಿಕ್ಕಿದ್ದು ಬರೀ 0.31 ಡಿಗ್ರಿ. ಅಂದರೆ ಬಹಳ ಉಜ್ಜಾಟವಿಲ್ಲದೆ ಜಾರಿದೆ. ಫಾಲ್ಟಿನಲ್ಲಿ ಇದ್ದದ್ದು ಕೆಲವೇ ಮೀಟರ್ ದಪ್ಪದ ನುಣುಪು ಜೇಡಿ. ಅಲ್ಲಿ 50 ಮೀಟರ್‌ನಷ್ಟು ಜರುಗಿ ಅಂಥ ಸುನಾಮಿ ಎದ್ದದ್ದು ಹೇಗೆ ಅಂತ ಆ ಜೇಡಿ ಹೇಳಿತು.

ಬೀದರಿನ ಇಂಜಿನಿಯರ್

ಸುತ್ತಿಗೆ ಸರ್, ಕಿಲ್ಲಾರಿ ಹತ್ತಿರದ ತೇರಣಾ ಅಣೆಕಟ್ಟಿನ ನೀರಿನಿಂದ ಆಯಿತು ಅಂತ ನಮ್ಮ ಕಡೆ ಜನ ಹೇಳುತ್ತಾರೆ. ನಿಮಗೇನನ್ನಿಸುತ್ತದೆ?

ಕಲ್ಲು ಸುತ್ತಿಗೆ

ಜನ ಮಾತ್ರ ಅಲ್ಲ, ಕೆಲವು ವಿಜ್ಞಾನಿಗಳೂ ಆ ಸಾಧ್ಯತೆ ಮುಂದಿಟ್ಟರು. ಕೆಲವರು ಒಪ್ಪಲಿಲ್ಲ. ಜಲಾಶಯದ ನೀರು ಬಿರುಕುಗಳಲ್ಲಿ ಇಳಿದು ಒತ್ತಡ ಹೆಚ್ಚಿಸಿ, ಜರುಗಲು ಹತ್ತಿರವಿದ್ದ ಫಾಲ್ಟನ್ನು ಬೇಗ ಜರುಗಿಸಬಲ್ಲದು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ 1967ರಿಂದ ಅದನ್ನು ನೋಡುತ್ತಿದ್ದೇವೆ. ಕಿಲ್ಲಾರಿಯಲ್ಲಿ 1992ರಲ್ಲೇ ಸಣ್ಣ ನಡುಕಗಳು ಶುರುವಾಗಿದ್ದವು, ಅಕ್ಟೋಬರ್‌ನಲ್ಲಿ ಜನ ಹೆದರಿ ಹೊರಗೆ ಮಲಗಿದ್ದರು. ಆದರೆ ಆ ಫಾಲ್ಟ್ ಅಣೆಕಟ್ಟಿಗಿಂತ ಬಹಳ ಮೊದಲೇ ಒಮ್ಮೆಯಾದರೂ ಜರುಗಿತ್ತು ಅಂತ ಟ್ರೆಂಚ್ ಹೇಳಿದೆ. ಹಾಗಾಗಿ ಪೂರ್ತಿ ಹೊಣೆಯನ್ನು ನೀರಿನ ಮೇಲೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಒತ್ತಡ ಕೂಡಿಟ್ಟದ್ದು ನೆಲವೇ.

ಆಳಂದದ ತೊಗರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಊಟ ಆದ ಮೇಲೆ ಮಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರಿಗೀಗ ಎಪ್ಪತ್ತಾರು. ನಡುವೆ ಒಂದು ಮಾತೂ ಆಡಲಿಲ್ಲ. ಮೊದಲನೇ ವಲಯದ ವಿಚಾರ ಬಂದಾಗ ಮಾತ್ರ "ಮತ್ತೊಮ್ಮೆ ಓದು" ಅಂದರು. ಓದಿದೆ.

ಸ್ವಲ್ಪ ಹೊತ್ತಾದ ಮೇಲೆ ಒಳಗಿನಿಂದ ಕಾಗದ ತರಿಸಿದರು. ಬೀಗರ ಹೊಲದ ಬಾವಿ, ಬೇವಿನ ಮರ, ಬಂಡಿ ಜಾಡು ಎಲ್ಲ ಗೀಚಿ, ಬದು ಎಲ್ಲಿ ಮುರಿದಿತ್ತು ಅಂತ ಗುರುತು ಹಾಕಿದರು. ಆ ಇಬ್ಬರಲ್ಲಿ ಒಬ್ಬರು "ಈ ಬದು ಮೊದಲು ನೆಟ್ಟಗಿತ್ತಾ" ಅಂತ ಮಾವನನ್ನು ಕೇಳಿದ್ದರಂತೆ. ಸಿಟ್ಟಿನಲ್ಲಿ ಉತ್ತರ ಕೊಡದೆ ಬಂದಿದ್ದರು. ಈಗ ಹೇಳಿದರು: "ನೆಟ್ಟಗಿತ್ತು. ನಾನೇ ಅದರ ಮೇಲೆ ಎಷ್ಟೋ ಸಲ ನಡೆದಿದ್ದೆ."

ಸುತ್ತಿಗೆ ಸರ್, ಈ ಕಾಗದ ಈಗ ಯಾರಿಗಾದರೂ ಉಪಯೋಗಕ್ಕೆ ಬರುತ್ತದಾ?

ಕಲ್ಲು ಸುತ್ತಿಗೆ

ಬರುತ್ತದೆ. ಖಂಡಿತ ಬರುತ್ತದೆ. ಮಾವನ ಹತ್ತಿರ ಎರಡು ವಿಷಯ ಕೇಳಿ ಅದೇ ಕಾಗದದ ಮೇಲೆ ಬರೆಸಿ. ಬೇವಿನ ಮರದಿಂದ ಮುರಿದ ಜಾಗಕ್ಕೆ ಎಷ್ಟು ಹೆಜ್ಜೆ. ಬದುವಿನ ಯಾವ ತುಂಡು ಮೇಲಿತ್ತು, ಬಾವಿ ಕಡೆಯದಾ, ಜಾಡಿನ ಕಡೆಯದಾ. ದಿನಾಂಕ, ಅವರ ಸಹಿ ಹಾಕಿಸಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಫೋಟೋ ನನಗೆ ಸಂದೇಶದಲ್ಲಿ ಕಳಿಸಿ. ದೀಪಾವಳಿ ಕಳೆದ ಮೇಲೆ, ಬೀಗರು ಒಪ್ಪಿದರೆ, ನಾನೇ ಬರುತ್ತೇನೆ. ಮಾವನೂ ಜೊತೆಗಿರಲಿ.